ಪೆಟ್ಟಿಗೆಯ ಮೇಲಿನ ಮೂರು ಗೆರೆ

ಮೂವತ್ತೊಂದು ವರ್ಷಗಳ ಹಿಂದೆ, ಯುಗಾದಿ ಕಳೆದ ಮೊದಲ ಭಾನುವಾರ, ಆಡೂರಿನ ಫಕ್ಕೀರಪ್ಪ ಮಾಸ್ತರು ಅಕ್ಕಿಆಲೂರಿನ ಸೂಲಗಿತ್ತಿ ರಹಿಮಾಬಿಗೆ ಒಂದು ಮಾತು ಕೊಟ್ಟರು.

"ನೀ ಹೇಳಿದ್ದೆಲ್ಲಾ ಟೇಪಿನ್ಯಾಗ ಹಿಡದಿಡತೇನಿ, ಯವ್ವಾ. ಹುಟ್ಟಿದವರು ತಾವ ಬಂದು ಕೇಳಿದ್ರ ಅವರಿಗೆ ಕೇಳಸತೇನಿ. ಬ್ಯಾರೇದವರು ಯಾರ ಬಂದ್ರೂ ಇಲ್ಲ. ಸರಕಾರ ಬಂದ್ರೂ ಇಲ್ಲ."

ಈಗ ರಹಿಮಾಬಿ ಇಲ್ಲ. ಟೇಪುಗಳೂ ಬೂಷ್ಟು ಹಿಡಿದು ಹೋಗಿವೆ. ಆಕೆಯ ಕೈಯಲ್ಲಿ ಹುಟ್ಟಿದ ಸಾವಿರದ ಆರುನೂರ ನಲವತ್ತಮೂರು ಜನರ ಹುಟ್ಟಿನ ಗಳಿಗೆ, ಆಕೆಯದೇ ದನಿಯಲ್ಲಿ, ಮಾಸ್ತರ ಮನೆಯ ಪಡಸಾಲೆಯ ಹಳೇ ಕಂಪ್ಯೂಟರಿನೊಳಗೆ ಉಳಿದಿತ್ತು. ಆ ಕಂಪ್ಯೂಟರ್ ಮೂರು ವಾರದಿಂದ ಏಳುತ್ತಿರಲಿಲ್ಲ.

"ಪೀಂ... ಪೀಂ... ಪೀಂ..."

ಗುಂಡಿ ಒತ್ತಿದೊಡನೆ ಒಳಗಿನ ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು. ಪೆಟ್ಟಿಗೆಯ ಹೊಟ್ಟೆಯೊಳಗಿಂದ ಉದ್ದನೆಯ ಕೂಗು, ಬಿಟ್ಟು ಬಿಟ್ಟು.

"ಅಯ್ಯ ನಮ್ಮವ್ವ, ಹೆಂಗ ಒದರಾಕತ್ತೇತಿ ನೋಡು!" ಮಾಸ್ತರ ಹೆಂಡತಿ ವೀರವ್ವ ಎರಡು ಹೆಜ್ಜೆ ಹಿಂದೆ ಸರಿದರು.

"ಒದರ್ಲಿ ಬಿಡ್ರಿ ಅವ್ವಾರ." ನೆಲದ ಮೇಲೆ ಕುಳಿತಿದ್ದ ನುಜಹತ ನಕ್ಕಳು. "ಒದರಾಕತ್ತೇತಿ ಅಂದ್ರ ಜೀವ ಐತಿ. ಸುಮ್ಮನ ಕುಂತಿದ್ರ ನಾ ಅಂಜತಿದ್ದೆ."

ನುಜಹತಳದು ಹಾನಗಲ್ಲ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಕಿರಿದಾದ ರಿಪೇರಿ ಅಂಗಡಿ. ಮುಂಜಾನೆ ಐದಕ್ಕೆದ್ದು ರೊಟ್ಟಿ ಬಡಿದು, ಇಬ್ಬರು ಹೆಣ್ಣುಮಕ್ಕಳ ಜಡೆ ಹೆಣೆದು ಶಾಲೆಗೆ ಅಟ್ಟಿ, ಆಮೇಲೆ ಊರ ಕಂಪ್ಯೂಟರುಗಳ ಬೇನೆ ಕೇಳುವವಳು. ಇವತ್ತೂ ನಾಲ್ಕು ಗಂಟೆಗೆ ಮಕ್ಕಳು ಬರುವ ಮೊದಲು ಮನೆ ಸೇರಬೇಕಿತ್ತು. ಈಗ ಒಂದೂವರೆ.

ಅವಳನ್ನು ಇಲ್ಲಿಗೆ ಕರೆತಂದವಳು ಜಯಾ. ಹಿರೇಕೆರೂರಿನವಳು, ಬಸ್ ಕಂಡಕ್ಟರ್, ವಯಸ್ಸು ಮೂವತ್ತೊಂದು. ಗಣೇಶನ ಹಬ್ಬದ ಹೊತ್ತಿಗೆ ತೀರಿಕೊಂಡ ಅವಳ ತಾಯಿ ಅನ್ನವ್ವ, ಕೊನೆಯ ದಿನ ಅವಳ ಕೈ ಹಿಡಿದು ಹೇಳಿದ್ದಿಷ್ಟೇ: ನಾ ನಿನ್ನ ಹಡದಾಕಿ ಅಲ್ಲ. ನೀ ಹುಟ್ಟಿದ್ದು ಹಿರೇಬೆಂಡಿಗೇರ್ಯಾಗ, ಕಾರಹುಣ್ವಿ ದಿನ. ರಹಿಮಾಬಿ ಹಿಡದಾಳ, ಆಡೂರ ಮಾಸ್ತರಗ ಕೇಳು.

ಹಡೆದವಳು ಯಾರು? ಅದನ್ನು ಹೇಳಬಲ್ಲ ಒಂದೇ ಬಾಯಿ ಈ ಪೆಟ್ಟಿಗೆಯೊಳಗಿತ್ತು.

"ನಮ್ಮ ಬಸ್ಸೂ ಹಿಂಗ ಒಮ್ಮೊಮ್ಮೆ," ಎಂದಳು ಜಯಾ. "ನಾಕು ಮಂದಿ ಇಳದು ತಳ್ಳಿದ್ರ ಏಳತೇತಿ. ಇದನ್ನೂ ತಳ್ಳೋಣೇನ್ರಿ ಯಕ್ಕಾ?"

ನಗೆಚಾಟಿಕೆಯ ಮಾತೇ. ಆದರೆ ಅವಳ ಕೈಬೆರಳು ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಬಿಡುತ್ತಿದ್ದವು.

"ಏನ ಅಂತೈತ್ರಿ ಅದು?" ಮತ್ತೆ ಅವಳೇ ಕೇಳಿದಳು.

"ನನ್ನ ನೆನಪು ನನಗ ಸಿಗವಲ್ದು ಅಂತೈತಿ," ಎಂದಳು ನುಜಹತ.

ಇಪ್ಪತ್ತು ವರ್ಷದಿಂದ ಇದೇ ಕೆಲಸ. ಆದರೂ ಈ ಒಂದು ಗಳಿಗೆ ಅವಳಿಗೆ ಹಳತಾಗಿರಲಿಲ್ಲ. ಗುಂಡಿ ಒತ್ತಿದ ಮೊದಲ ಉಸಿರಿನಲ್ಲಿ ಈ ಯಂತ್ರಕ್ಕೆ ತಾನು ಯಾರೆಂಬುದೇ ಗೊತ್ತಿರುವುದಿಲ್ಲ. ತನಗೆ ಪರದೆ ಇದೆಯೋ, ಕೀಲಿಮಣೆ ಇದೆಯೋ, ಅದೂ ಗೊತ್ತಿಲ್ಲ. ಕತ್ತಲೆಯಲ್ಲಿ ಎದ್ದವರು ಗೋಡೆ ಸವರಿಕೊಂಡು ಹೋಗುವ ಹಾಗೆ ಒಂದೊಂದೇ ಅಂಗವನ್ನು ಮುಟ್ಟಿ ನೋಡುತ್ತದೆ. ಮುಟ್ಟಿದ್ದು ಸಿಗದಿದ್ದರೆ ಅಲ್ಲೇ ನಿಂತು ಕೂಗುತ್ತದೆ. ಯಾರೋ ಎಲ್ಲೋ ಕುಳಿತು ಇಂಥದ್ದೊಂದನ್ನು ಯೋಚಿಸಿದ್ದರಲ್ಲ ಎಂದು ಅವಳಿಗೆ ಪ್ರತಿ ಸಲವೂ ಅನ್ನಿಸುತ್ತಿತ್ತು.

ಅವಳು ವೈರು ಕಿತ್ತು, ಪೆಟ್ಟಿಗೆಯನ್ನು ಬೆಳಕಿನ ಕಡೆ ತಿರುಗಿಸಿ, ಮೊಬೈಲ್ ತೆಗೆದಳು. ಬಿಚ್ಚುವ ಮೊದಲು ಫೋಟೊ. ಎಂಥ ಅವಸರವಿದ್ದರೂ ಈ ಪರಿಪಾಠವನ್ನು ಅವಳು ತಪ್ಪಿಸುತ್ತಿರಲಿಲ್ಲ.

ಫೋಟೊ ತೆಗೆಯಲು ಬಗ್ಗಿದವಳು ಹಾಗೇ ನಿಂತಳು.

ಪೆಟ್ಟಿಗೆಯ ಪಕ್ಕದ ತಗಡಿನ ಮುಚ್ಚಳ ಮುಂಭಾಗವನ್ನು ಕೂಡುವ ಸಂದಿನ ಮೇಲೆ ಅಡ್ಡಲಾಗಿ ಮೂರು ಬಿಳಿ ಗೆರೆ.

"ಅವ್ವಾರ, ದಸರಾದ ಖಂಡೇ ಪೂಜಿಗೆ ಇದಕ್ಕೂ ವಿಭೂತಿ ಹಚ್ಚಿದ್ರೇನ್ರಿ?"

"ಹಚ್ಚದ ಬಿಡ್ತೇನೇನು? ಈಳಿಗಿ, ಕುಡಗೋಲು, ಹೊಲಿಗಿ ಮಷಿನ್, ಕಂಪ್ಯೂಟರ್. ದುಡಿಯೂವು ಎಲ್ಲಾ ಒಂದ." ವೀರವ್ವ ಹೆಮ್ಮೆಯಿಂದಲೇ ಹೇಳಿದರು. "ಹಚ್ಚಿದ್ದನ್ನ ಒರಸಾಂಗಿಲ್ಲ. ತಾನ ಅಳಿಸಿ ಹೋಗಬೇಕು."

ಹೊಲಿಗೆ ಮಷಿನ್ ಕಿಟಕಿಯ ಕೆಳಗೇ ಇತ್ತು. ನುಜಹತ ಅದನ್ನೊಮ್ಮೆ ನೋಡಿದಳು, ಪೆಟ್ಟಿಗೆಯನ್ನೊಮ್ಮೆ.

ಹೊಲಿಗೆ ಮಷಿನ್ನಿನ ಮೇಲಿನ ವಿಭೂತಿ ಮೂರು ಬೆರಳನ್ನು ಒಮ್ಮೆಗೇ ಎಳೆದದ್ದು. ಗೆರೆಗಳ ತುದಿ ದುಂಡಗೆ, ನಡುಬೆರಳಿನದು ಕೊಂಚ ಮುಂದೆ. ನೀರಲ್ಲಿ ಕಲಸಿ ಹಚ್ಚಿದ್ದು ಒಣಗಿ ಹಕ್ಕಳೆಗಟ್ಟಿತ್ತು. ನಡುವೆ ಕುಂಕುಮದ ಬೊಟ್ಟು.

ಪೆಟ್ಟಿಗೆಯ ಮೇಲೆ ಬೊಟ್ಟಿರಲಿಲ್ಲ. ಮೂರು ಗೆರೆಗಳೂ ಸಣ್ಣ, ಮೂರೂ ನೆಟ್ಟಗೆ, ಮೂರೂ ಒಂದೇ ಅಳತೆ. ಒಂದಾದ ಮೇಲೊಂದು ಎಳೆದದ್ದು. ಬೆರಳು ತಾಗಿಸಿದರೆ ಒಣ ಪುಡಿ ಅಂಟಿಕೊಂಡಿತು. ಅದರ ಅಡಿಯಲ್ಲಿ, ಸಂದಿನ ಆಚೀಚೆ, ಹಳೆಯ ವಿಭೂತಿಯ ಹಕ್ಕಳೆ ಒಡೆದು ನಿಂತಿತ್ತು.

ಅಂದರೆ ಪೂಜೆಯಾದ ಮೇಲೆ ಯಾರೋ ಈ ಮುಚ್ಚಳ ತೆಗೆದಿದ್ದಾರೆ. ತೆಗೆದದ್ದು ಗೊತ್ತಾಗಬಾರದೆಂದು ಗೆರೆ ಮರಳಿ ಎಳೆದಿದ್ದಾರೆ.

ಅವಳು ಫೋಟೊ ತೆಗೆದುಕೊಂಡು, ಏನೂ ಕಾಣದವಳಂತೆ ತಿರುಪು ಬಿಚ್ಚಿದಳು.

"ದಸರಾಕ್ಕ ಮನಿಗೆ ಯಾರ್ಯಾರು ಬಂದಿದ್ರು ಅವ್ವಾರ?"

"ಯಾರ ಬರ್ತಾರ? ಸವಣೂರಿಂದ ನಮ್ಮ ಮೈದುನನ ಮಗ ಶರಣು ಬಂದಿದ್ದ, ಬನ್ನಿ ಕೊಡಾಕ." ವೀರವ್ವ ದನಿ ತಗ್ಗಿಸಿದರು. "ಅವಂದು ಒಂದ ಹಟ. ರಹಿಮಾಬಿ ಮಾತೆಲ್ಲಾ ಮೊಬೈಲಿನ್ಯಾಗ ಬಿಡೋಣು ದೊಡ್ಡಪ್ಪಾ, ಲಕ್ಷಗಟ್ಲೆ ಮಂದಿ ಕೇಳ್ತಾರ ಅಂತ. ಇವರು ಬೈದು ಕಳಿಸಿದ್ರು."

"ಸಿಟ್ಟಿಗೆದ್ದು ಹೋದನೇನ್ರಿ?"

"ಹೋಳಗಿ ತಿಂದ ಹೋದ."

ಮಾಸ್ತರು ಇಷ್ಟು ಹೊತ್ತೂ ಗೋಡೆಗೆ ಒರಗಿ ಕುಳಿತಿದ್ದರು. ಎಪ್ಪತ್ನಾಲ್ಕರ ವಯಸ್ಸು. ಎಡಗಿವಿ ಚಿಕ್ಕಂದಿನಿಂದಲೂ ಕೇಳದು, ಬಲಗಿವಿಯೂ ಈಚೆಗೆ ಕೈ ಕೊಟ್ಟಿತ್ತು. ಯಾರ ತುಟಿ ಅಲುಗಿದರೂ ಅತ್ತ ನೋಡುತ್ತಿದ್ದರು. ಜಯಾಳನ್ನು ಮಾತ್ರ ನೋಡುತ್ತಿರಲಿಲ್ಲ.

ಮುಚ್ಚಳ ಕಳಚಿತು. ನುಜಹತ ಟಾರ್ಚು ಬಿಟ್ಟು ನೋಡಿ, "ಯಾ ಅಲ್ಲಾ," ಎಂದಳು.

ಒಳಗೆಲ್ಲ ಎಣ್ಣೆಗಪ್ಪು ಮಸಿ. ಹಳ್ಳಿಯ ಅಡುಗೆಮನೆಯ ಜಂತಿಗೆ ಹಿಡಿಯುವಂಥದ್ದು.

"ಇದರಾಗ ಒಲಿ ಹಚ್ಚಿದ್ರೇನ್ರಿ?"

ವೀರವ್ವ ಬಗ್ಗಿ ನೋಡಿದರು. ಮುಖ ಸಣ್ಣದಾಯಿತು. "ಸೋಮವಾರಕ್ಕೊಮ್ಮೆ ಲೋಬಾನ ಹಾಕತೇನಿ ತಂಗಿ. ದೇವರಿಗೆ ಹಾಕಿ, ಹಂಗ ಇದಕ್ಕೂ ಹಿಡೀತೇನಿ. ಹೊಗಿ ಪೂರಾ ಒಳಗ ಎಳಕೋತೇತಿ ನೋಡು. ಅದಕ್ಕೂ ಸೇರತೇತಿ ಅನಕೊಂಡಿದ್ದೆ."

"ಫ್ಯಾನ್ ಎಳಕೋತೇತ್ರಿ ಅವ್ವಾರ! ಎಷ್ಟ ವರ್ಷಾತು?"

"ಬಂದಾಗಿಂದ. ಹದಿನಾರು ವರ್ಷ."

ಜಯಾ ಬಾಯಿಗೆ ಸೆರಗು ಹಿಡಿದು ನಕ್ಕಳು. ನುಜಹತಳಿಗೂ ನಗು ತಡೆಯಲಾಗಲಿಲ್ಲ. ಹದಿನಾರು ವರ್ಷ ಭಕ್ತಿಯ ಹೊಗೆ ಕುಡಿದೂ ದುಡಿದಿತ್ತಲ್ಲ ಈ ಬಡಪಾಯಿ.

ನೆನಪಿನ ಪಟ್ಟಿಗಳು, ರ‍್ಯಾಮ್ ಎನ್ನುವವು, ಎರಡು. ಬೆರಳುದ್ದದವು. ಹೊರಗೆಳೆದಳು. ಅಂಚಿನ ಚಿನ್ನದ ಬಣ್ಣದ ಹಲ್ಲುಗಳು ಮಸಿ ಮೆತ್ತಿಕೊಂಡು ಕಂದಾಗಿದ್ದವು. ಎಳೆಯುವ ಮೊದಲೇ ಒಂದು ಪಟ್ಟಿ ಜಾಗದಿಂದ ಕೂದಲೆಳೆಯಷ್ಟು ಮೇಲೆದ್ದಿತ್ತು. ಪೆಟ್ಟಿಗೆಯನ್ನು ಈಚೆಗೆ ಯಾರೋ ಎಳೆದಾಡಿರಬೇಕು.

"ಪೆನ್ಸಿಲ್ ಒರಸೂ ರಬ್ಬರ್ ಐತೇನ್ರಿ ಮಾಸ್ತರ್ರ?" ಗಟ್ಟಿಯಾಗಿ ಕೇಳಿದಳು.

ಮಾಸ್ತರು ಎದ್ದು, ಗೋಡೆಗೆ ತೂಗುಹಾಕಿದ ಕರಿಹಲಗೆಯ ಕೆಳಗಿನ ಗೂಡಿನಿಂದ ಒಂದು ಡಬ್ಬಿ ತಂದರು. ನಿವೃತ್ತಿಯಾಗಿ ಹದಿನಾಲ್ಕು ವರ್ಷವಾದರೂ ಓಣಿಯ ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಡುವುದು ನಿಂತಿರಲಿಲ್ಲ. ಡಬ್ಬಿಯಲ್ಲಿ ರಬ್ಬರು, ಪೆನ್ಸಿಲ್ ಚೂರು, ಸೀಮೆಸುಣ್ಣ.

ಸೀಮೆಸುಣ್ಣ.

ನುಜಹತ ತಲೆ ಎತ್ತಲಿಲ್ಲ. ರಬ್ಬರಿನಿಂದ ಒಂದೊಂದೇ ಹಲ್ಲನ್ನು ಉಜ್ಜಿದಳು. ಕಂದು ಹೋಗಿ ಚಿನ್ನ ಬಂತು. ಪಟ್ಟಿಗಳನ್ನು ಟಕ್ಕೆನ್ನುವವರೆಗೆ ಒತ್ತಿ ಕೂರಿಸಿ, ವೈರು ಚುಚ್ಚಿ, ಗುಂಡಿ ಒತ್ತಿದಳು.

ವೀರವ್ವ ಹತ್ತಿರ ಬಂದರು.

"ಪೀಂ." ಒಂದೇ ಒಂದು. ಚಿಕ್ಕದು.

ಪರದೆ ಬೆಳಗಿತು. ಕಪ್ಪಿನ ಮೇಲೆ ಬಿಳಿ ಅಕ್ಷರಗಳು ಓಡಿದವು. ತನ್ನ ನೆನಪನ್ನು ತಾನೇ ಎಣಿಸಿ ನೋಡಿ, ಸರಿಯಿದೆ ಎಂದು ಬರೆದುಕೊಂಡಿತು. ವೀರವ್ವ ಅರಿವಿಲ್ಲದೆ ಕೈ ಮುಗಿದರು.

ಆಮೇಲೆ ತಾರೀಖು ಬಂತು: ಎರಡು ಸಾವಿರದ ಒಂಬತ್ತು, ಜನವರಿ ಒಂದು.

"ಇದೇನ್ರಿ, ಹಿಂದಕ ಹೋಗೇತಿ?" ಜಯಾ ಕೇಳಿದಳು.

"ಇದರಾಗ ಒಂದು ಸಣ್ಣ ಸೆಲ್ ಇರತೇತಿ, ವಾಚಿನ್ಯಾಗಿನಂಥಾದ್ದು. ನಾವು ವೈರ್ ಕಿತ್ತರೂ ಅದರ ಮ್ಯಾಲ ಇದು ತಾರೀಖು ಎಣಸ್ಕೋತ ಕುಂಡರತೇತಿ. ಸೆಲ್ ಸತ್ತದ್ದಕ್ಕ, ತಾನು ಹುಟ್ಟಿದ ದಿನಕ್ಕ ಹೋಗಿ ನಿಂತೇತಿ ನೋಡು."

ಜಯಾ ಆ ತಾರೀಖನ್ನೇ ನೋಡುತ್ತ ನಿಂತಳು. "ಸೆಲ್ ಸತ್ರ ಇದಕ್ಕೂ ತಾ ಹುಟ್ಟಿದ ದಿನ ಗೊತ್ತಾಗತೇತಿ ಅಂತಾತು," ಎಂದಳು, ಯಾರಿಗೂ ಅಲ್ಲದಂತೆ.

ನುಜಹತ ಚೀಲದಿಂದ ಹೊಸ ಸೆಲ್ ತೆಗೆದು ಹಾಕಿ, ತಾರೀಖು ತಿದ್ದಿ, ಮತ್ತೆ ಎಬ್ಬಿಸಿದಳು. ಒಂದು ಪೀಂ. ನೆನಪು ಸರಿ. ತಾರೀಖು ಸರಿ. ಇನ್ನು ಡಿಸ್ಕು. ರಹಿಮಾಬಿ ಇರುವ ಜಾಗ.

ಬಿಳಿ ಗೆರೆಯೊಂದು ಮಿನುಗಿತು, ಮಿನುಗಿತು, ನಿಂತಿತು. ಡಿಸ್ಕ್ ಸಿಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು.

"ಹೋತೇನ್ರಿ ಯಕ್ಕಾ?" ಜಯಾ ಪರದೆಗೆ ಮುಖ ಹಚ್ಚಿ ನೋಡಿದಳು. "ಖರೇ ಹೇಳ್ರಿ. ಹೋತೇನು?"

ನುಜಹತ ಪೆಟ್ಟಿಗೆಗೆ ಕಿವಿ ಹಚ್ಚಿದಳು. ಒಳಗೆ ಡಿಸ್ಕು ಸುಂಯ್ ಎಂದು ತಿರುಗುತ್ತಿತ್ತು. ಟಿಕಟಿಕ ಇಲ್ಲ, ತೊಡರಿಲ್ಲ. ಜೀವಂತವಾಗಿದೆ. ಆದರೆ ಯಂತ್ರಕ್ಕೆ ಕಾಣಿಸುತ್ತಿಲ್ಲ.

ವೈರು ಕಿತ್ತು, ಡಿಸ್ಕಿನ ಹಿಂದಿನ ಕತ್ತಲೆಗೆ ಬೆರಳು ತೂರಿಸಿದಳು. ಮಾತು ಸಾಗಿಸುವ ಕೆಂಪು ಪಟ್ಟಿ ವೈರು ಡಿಸ್ಕಿಗೆ ಸೇರಿರಲಿಲ್ಲ. ಕೆಳಗೆ ಮಡಚಿ ಸಿಕ್ಕಿಸಿದ್ದರು. ಎಳೆದಳು.

ವೈರಿನ ತುದಿಗೆ ಹಳೇ ಧೋತರದ ಚೂರೊಂದನ್ನು ಸುತ್ತಿ, ಬಿಳಿ ನೂಲಿನಿಂದ ಕಟ್ಟಿತ್ತು. ದೂಳು ಹೋಗದ ಹಾಗೆ. ಗಂಟು ಕೂಡ ಅಂದವಾಗಿತ್ತು.

ಕಂಪ್ಯೂಟರ್ ಕೆಡಿಸಿದವರನ್ನು ನುಜಹತ ಬೇಕಾದಷ್ಟು ಕಂಡಿದ್ದಳು. ಕೆಡಿಸಿ, ಕೆಡಿಸಿದ್ದನ್ನು ಇಷ್ಟು ಜೋಪಾನ ಮಾಡಿದವರನ್ನು ಕಂಡಿರಲಿಲ್ಲ.

"ಅವ್ವಾರ, ಒಂದ್ ಕಪ್ ಚಾ ಮಾಡ್ರಿ. ಜಯಾ, ನೀನೂ ಹೋಗವಾ, ಕೈ ಹಚ್ಚು."

ಇಬ್ಬರೂ ಒಳಗೆ ಹೋದರು. ಉಳಿದವರು ಅವಳು ಮತ್ತು ಮಾಸ್ತರು.

ಕಿವಿ ಕೇಳದವರೊಡನೆ ಗುಟ್ಟು ಮಾತಾಡುವುದು ಹೇಗೆ? ಪಿಸುಗುಟ್ಟಿದರೆ ಅವರಿಗೆ ಕೇಳದು, ಕೂಗಿದರೆ ಅಡುಗೆಮನೆಗೆ ಕೇಳುತ್ತದೆ. ನುಜಹತ ಡಬ್ಬಿಯಿಂದ ಒಂದು ಸೀಮೆಸುಣ್ಣ ಎತ್ತಿಕೊಂಡು ಕರಿಹಲಗೆಯ ಮುಂದೆ ನಿಂತಳು. ಅಡ್ಡಲಾಗಿ ಒಂದು ಗೆರೆ ಎಳೆದಳು. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಮೂರೂ ನೆಟ್ಟಗೆ, ಮೂರೂ ಒಂದೇ ಅಳತೆ.

ತಿರುಗಿ ಅವರನ್ನು ನೋಡಿದಳು. ಎಡಗೈಯಲ್ಲಿ ಧೋತರದ ಚೂರು.

ಮಾಸ್ತರು ಗೆರೆಗಳನ್ನು ನೋಡಿದರು. ಚೂರನ್ನು ನೋಡಿದರು. ಕನ್ನಡಕ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ನಾನ ತಗದೆ," ಎಂದರು.

ಕಿವಿ ಮಂದವಾದವರ ದನಿಗೆ ಅಳತೆ ಇರುವುದಿಲ್ಲ. ಅಡುಗೆಮನೆಯಲ್ಲಿ ಬಟ್ಟಲಿನ ಸದ್ದು ನಿಂತಿತು.

"ಆಕಿ ಫೋನ್ ಮಾಡಿದ್ದು ಬೆಳ್ಳಂಬೆಳಗ್ಗೆ. ಹೆಸರು ಹೇಳಿದ್ಲು, ಊರ ಹೇಳಿದ್ಲು, ಕಾರಹುಣ್ವಿ ಅಂದ್ಲು. ಹನ್ನೊಂದು ಗಂಟೇಕ ಬರ್ತೇನಿ ಅಂದ್ಲು. ಬರೂದ್ರಾಗ ತಗದಿಡೋಣು ಅಂತ ಹಚ್ಚಿ ಕೇಳಿದೆ. ಕೇಳಿ... ಮುಚ್ಚಳ ಬಿಚ್ಚಿ ವೈರ್ ಕಿತ್ತೆ."

"ವಿಭೂತಿ ಯಾಕ್ರಿ ಹಚ್ಚಲಿಲ್ಲ? ಸುಣ್ಣ ಯಾಕ?" ನುಜಹತ ಅವರ ಬಲಗಿವಿಯ ಬಳಿ ಬಗ್ಗಿದಳು.

"ಜಳಕ ಆಗಿರಲಿಲ್ಲ." ಮಾಸ್ತರು ಇದೇನು ಕೇಳುವ ಮಾತೇ ಎಂಬಂತೆ ನೋಡಿದರು. "ಜಳಕಿಲ್ಲದ ವಿಭೂತಿ ಹೆಂಗ ಮುಟ್ಟೂದು? ಜಳಕ ಮಾಡಿ ಬರೂದ್ರಾಗ ನಮ್ಮಾಕಿ ಪಡಸಾಲಿ ಕಸಾ ಹೊಡಿಯಾಕ ಬರ್ತಿದ್ಲು."

ವಿಭೂತಿ ಮುಟ್ಟಲು ಅಂಜಿದ ಕೈ, ಕೊಟ್ಟ ಮಾತನ್ನು ಮುರಿಯಲು ಹೊರಟಿತ್ತು. ನುಜಹತ ಸೀಮೆಸುಣ್ಣ ಕೆಳಗಿಟ್ಟಳು.

"ಆಕಿಗೆ ಇಲ್ಲ ಅಂದ ಬಿಡಬೇಕಿತ್ತಲ್ರಿ."

"ರಹಿಮಾಬಿ ಹೇಳಿದ್ದನ್ನ ಇಲ್ಲ ಅನ್ನಾಕ ನಾಲಿಗಿ ಹೊಳ್ಳಲಿಲ್ಲ. ಮಷಿನ್ ಏಳವಲ್ದು ಅಂದೆ. ಏಳಲಿಲ್ಲ. ಅದು ಸುಳ್ಳಲ್ಲ."

"ಸುಳ್ಳಲ್ಲ ಖರೆ. ಏಳದಂಗ ಮಾಡಿದವರು ನೀವ!"

"ಹೌದು. ನಾನ." ಮುದುಕರ ಕಣ್ಣು ತುಂಬಿದ್ದವು. "ಅದರಾಗ ಇದ್ದದ್ದು ನೀ ಕೇಳಿಲ್ಲ ತಂಗಿ. ಕೇಳಿದ್ರ ನೀನೂ ಕೀಳತಿದ್ದಿ."

"ಏನೈತ್ರಿ ಅದರಾಗ?"

ಕೇಳಿದವಳು ನುಜಹತ ಅಲ್ಲ. ಜಯಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಚಹದ ಸೋಸಣಿಗೆ ಹಾಗೇ ಇತ್ತು.

ಮಾಸ್ತರಿಗೆ ಮಾತು ಕೇಳಲಿಲ್ಲ. ತುಟಿ ಕಂಡಿತು. "ಬ್ಯಾಡ ಮಗಳ," ಎಂದರು. "ಕೆಲಸ ಐತಿ, ಮನಿ ಐತಿ, ಚಲೋ ಅದಿ. ಹಂಗ ಹೋಗಿ ಬಿಡು."

"ಮಾಸ್ತರ್ರ." ಜಯಾ ಅವರ ಮುಂದೆ ಬಂದು ಕುಳಿತಳು. ಬಸ್ಸಿನಲ್ಲಿ ಹಾದಿ ಬಿಡಿಸುವ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ದಿನಾ ನೂರಾರು ಮಂದಿಗೆ ಎಲ್ಲಿಂದ ಎಲ್ಲಿಗೆ ಅಂತ ಕೇಳತೇನಿ. ಎಲ್ಲಿಗೆ ಅನ್ನೂದು ನನಗೂ ಗೊತ್ತೈತಿ. ಎಲ್ಲಿಂದ ಅನ್ನೂದು ಗೊತ್ತಿಲ್ಲ. ಹುಟ್ಟಿದಾಕಿ ಬಂದೇನಿ, ಕೇಳಾಕತ್ತೇನಿ. ಕೇಳಸ್ರಿ."

ಮಾಸ್ತರು ಕನ್ನಡಕ ಎತ್ತಿ ಹಾಕಿಕೊಂಡರು. ಆಮೇಲೆ ನುಜಹತಳ ಕಡೆ ನೋಡಿ ಹೂಂ ಎಂಬಂತೆ ತಲೆಯಾಡಿಸಿದರು.

ನೂಲಿನ ಗಂಟನ್ನು ಅವಳು ಹಲ್ಲಿನಿಂದ ಬಿಡಿಸಬೇಕಾಯಿತು. ಕೆಂಪು ವೈರು ಡಿಸ್ಕಿಗೆ ಸೇರಿತು. ಗುಂಡಿ.

ಪೀಂ. ನೆನಪು. ತಾರೀಖು. ಡಿಸ್ಕಿನ ಹೆಸರು, ಅದರ ಸಂಖ್ಯೆ ಪರದೆಯ ಮೇಲೆ ಮೂಡಿದವು. ಒಂದು ಕ್ಷಣ ಪೂರಾ ಕತ್ತಲೆ. ಆ ಕತ್ತಲೆಯೊಳಗಿಂದ, ಯಾರೋ ಒಳಮನೆಯಲ್ಲಿ ದೀಪ ಹಿಡಿದು ಬಂದಂತೆ, ನೀಲಿ ಬೆಳಕು ನಿಧಾನವಾಗಿ ತುಂಬಿಕೊಂಡಿತು. ಗಳಿಗೆಯ ಹಿಂದೆ ತನ್ನ ಹೆಸರೂ ಗೊತ್ತಿಲ್ಲದ ತಗಡಿನ ಪೆಟ್ಟಿಗೆ ಈಗ ಸಾವಿರದ ಆರುನೂರು ಜನರ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿತ್ತು.

ಮಾಸ್ತರು ಮೌಸಿನ ಮೇಲೆ ಕೈಯಿಟ್ಟು ಒಂದು ಕಡತ ತೆರೆದರು. ಸಾಲು ಸಾಲು ಹೆಸರು, ಮುಗಿಯದಷ್ಟು. ಊರು, ತಿಥಿ, ಒಂದು ಗುರುತು. ಅಕ್ಕಿಆಲೂರು, ಗಿರಣಿ ಪಟ್ಟಾ ಹರಿದ ದಿನ. ಆಡೂರು, ಮೊದಲ ಬಸ್ಸು ಬಂದ ದಿನ. ಹಾನಗಲ್ಲ, ಕೆರೆ ಕೋಡಿ ಬಿದ್ದ ರಾತ್ರಿ.

"ಇದೆಲ್ಲಾ ಬಾಯಿಪಾಠೇನ್ರಿ ಅಕಿಗೆ?" ಜಯಾ ಕೇಳಿದಳು.

"ಅಕ್ಷರ ಬರ್ತಿರಲಿಲ್ಲ. ಬೆರಳ ಗೆಣ್ಣು ಹಿಡಕೊಂಡು ಹೇಳತಿದ್ಲು. ಒಂದೂ ತಪ್ಪಲಿಲ್ಲ. ಎರಡನೇ ಸಲ ಕೇಳಿ ನೋಡೀನಿ, ಅದ ಮಾತು, ಅದ ಹೊತ್ತು."

ಜಯಾಳಿಗೆ ಒಂದು ಗಳಿಗೆ ಬಿಡುವು ಸಿಗಲೆಂದು ನುಜಹತ ಮುಂದೆ ಸರಿದಳು. "ಮೊದಲ ನಂದ ಹಚ್ರಿ ಮಾಸ್ತರ್ರ," ಎಂದಳು. "ದನಿ ಸರಿ ಬರತೇತೇನ ನೋಡೋಣು. ನಾನೂ ಅಕಿ ಕೈಯಾಗ ಹುಟ್ಟಿದಾಕಿ. ಅಕ್ಕಿಆಲೂರು, ದಿಲ್ಶಾದನ ಮಗಳು. ಗಿರಣಿ ಪಟ್ಟಾ ಹರದ ದಿನ ಅಂತ ನಮ್ಮ ಅಮ್ಮಿ ಹೇಳತಾಳ."

ಸ್ಪೀಕರಿನಲ್ಲಿ ಮೊದಲು ಟೇಪಿನ ಸೊರಸೊರ. ಆಮೇಲೆ ಎಲೆ ಅಡಿಕೆ ತುಂಬಿದ ಬಾಯಿಯ ಒಂದು ದನಿ, ಪಕ್ಕದಲ್ಲೇ ಕುಳಿತಂತೆ.

"ದಿಲ್ಶಾದನ ಮನಿ. ಗಿರಣಿ ಪಟ್ಟಾ ಹರದಿತ್ತು, ಊರಾಗ ಸಪ್ಪಳ ಇರಲಿಲ್ಲ. ಮಧ್ಯಾಹ್ನ ನಮಾಜ್ ಮುಗದಿತ್ತು. ಹೆಣ್ಣ ಕೂಸು. ಮುಟಗಿ ಬಿಗಿ ಹಿಡದಿತ್ತು, ಏನ ಮಾಡಿದ್ರೂ ಬಿಚ್ಚವಲ್ದು. ಏನ ತಂದೀಯೇ ಅಂತ ಬಿಡಿಸಿ ನೋಡಿದ್ರ ಖಾಲಿ! ಮನಿ ಮಂದೆಲ್ಲಾ ನಕ್ಕರು. ಆಮ್ಯಾಲ ಅತ್ತಳು."

ನುಜಹತ ತನ್ನ ಅಂಗೈ ನೋಡಿಕೊಂಡಳು. ಮಸಿ, ರಬ್ಬರಿನ ಪುಡಿ, ಬೆರಳ ಸಂದಿಯಲ್ಲಿ ಮುಂಜಾನೆಯ ಉಳ್ಳಾಗಡ್ಡಿಯ ವಾಸನೆ. ಈ ಕೈಯ ಮೊದಲ ಮಧ್ಯಾಹ್ನವನ್ನು ಯಾರೋ ನೋಡಿದ್ದರು, ನೆನಪಿಟ್ಟಿದ್ದರು. ಮುಷ್ಟಿ ಕಟ್ಟಿ ನೋಡಿದಳು. ಬಿಚ್ಚಿದಳು.

ವೀರವ್ವ ಬಾಗಿಲಿನಿಂದಲೇ ಹಿಂದಕ್ಕೆ ಸರಿದರು. "ನಾ ಒಳಗ ಇರ್ತೇನಿ. ಈ ತಂಗಿದು ಬಿಟ್ರ ಮೂವತ್ತೊಂದು ವರ್ಷದಾಗ ಒಂದೂ ಕೇಳಿಲ್ಲ. ಈಗೂ ಬ್ಯಾಡ."

"ನುಜಹತಾ, ನೀನೂ ಹೊರಗ ಹೋಗು," ಎಂದರು ಮಾಸ್ತರು.

"ಅವರು ಇರ್ಲಿ," ಎಂದಳು ಜಯಾ. "ನನ್ನ ಹುಟ್ಟು ನಂದ್ರಿ. ನೀವು ನನಗ ಕೇಳಸ್ರಿ. ನಾ ಅವರಿಗೆ ಕೇಳಸತೇನಿ."

ಮಾಸ್ತರು ಹುಡುಕಬೇಕಾಗಲಿಲ್ಲ. ಹಿರೇಬೆಂಡಿಗೇರಿ, ಕಾರಹುಣ್ಣಿಮೆ. ಆ ದಿನ, ಆ ಊರಲ್ಲಿ ಒಂದೇ.

ಸೊರಸೊರ.

"ತವರ ಮನಿಗೆ ಹೋಗಿದ್ದೆ ಮಾಸ್ತರ, ಹಿರೇಬೆಂಡಿಗೇರಿಗೆ. ಎತ್ತಿನ ಕೊಂಬಿಗೆ ಬಣ್ಣ ಹಚ್ಚಾಕತ್ತಿದ್ರು. ಹೊತ್ತ ಮುಳಗೂ ಮುಂದ ಕರಿಯಾಕ ಬಂದ್ರು. ಯಾರ ಮನಿ ಅಂತ ಕೇಳಬ್ಯಾಡ್ರಿ. ಹೆಣ್ಣ ಕೂಸು."

ದನಿ ತಡೆಯಿತು. ಸೊರಸೊರವಷ್ಟೇ ಉಳಿಯಿತು.

"ಅಳಲಿಲ್ಲ ಮಾಸ್ತರ. ಬೆನ್ನ ತಟ್ಟಿದೆ, ಕಾಲ ಹಿಡದು ಎತ್ತಿದೆ, ಅಳಲಿಲ್ಲ. ಮುಂಜಾನೆ ಮಣ್ಣಿಗೆ ಕೊಟ್ಟು ಬಂದ್ರು. ಸತ್ತ ಹುಟ್ಟಿತು ಅಂತ ಹಿಡದಿಡ್ರಿ. ಗಟ್ಟ್ಯಾಗಿ ಹೇಳತೇನಿ. ಸತ್ತ ಹುಟ್ಟಿತು."

ಮಾಸ್ತರು ಜಯಾಳ ಕಡೆ ತಿರುಗಿದರು.

"ಬದುಕಿದಾಕಿ ಮುಂದ ಕುಂತು, ನೀ ಸತ್ತೀ ಅಂತ ಹೆಂಗ ಕೇಳಸಲಿ?" ಎಂದರು. "ಅನ್ನವ್ವ ನಿನಗ ತಪ್ಪು ಹೇಳ್ಯಾಳ ಮಗಳ. ಆ ಕೂಸು ನೀ ಅಲ್ಲ. ನೀ ಎಲ್ಲಿಂದ ಅನ್ನೂದು ನನ್ನಲ್ಲಿಲ್ಲ."

"ಮಾಸ್ತರ್ರ," ನುಜಹತ ಕೈ ಎತ್ತಿದಳು. "ತಡೀರಿ. ಇದು ಇನ್ನೂ ಮುಗದಿಲ್ಲ."

ಸ್ಪೀಕರಿನ ದನಿಯನ್ನು ತುದಿಯವರೆಗೆ ತಿರುಗಿಸಿದಳು. ಟೇಪು ಇನ್ನೂ ಓಡುತ್ತಿತ್ತು. ಯಾರೋ ಮೇಲೆದ್ದ ಸದ್ದು. ಬಳೆ. ದೂರದಲ್ಲಿ, ಒಳಕೋಣೆಯಲ್ಲಿ, ನೂಲಿನೆಳೆಯಂಥ ಒಂದು ಕೀಚಲು. ನಿಂತಿತು. ಮತ್ತೆ ಬಂತು. ಉಸಿರು ಎಳೆದು, ಬಿಟ್ಟು, ಎಳೆದು.

ಇಬ್ಬರನ್ನು ಹೆತ್ತವಳಿಗೆ ಆ ದನಿಯನ್ನು ಯಾರೂ ತಿಳಿಸಿ ಹೇಳಬೇಕಿರಲಿಲ್ಲ. ಅದು ಹಸುಗೂಸಿನ ಅಳು.

"ಈ ಟೇಪ್ ಯಾವತ್ತ ಮಾಡಿದ್ರಿ?" ಬಲಗಿವಿಯ ಬಳಿ ಕೂಗಿದಳು.

"ಕಾರಹುಣ್ವಿ ಆಗಿ ಮೂರನೇ ದಿನ. ಭಾನುವಾರ. ಅಕ್ಕಿಆಲೂರಾಗ, ರಹಿಮಾಬಿ ಮನಿಯಾಗ."

"ಒಳಗ ಅಳಾಕತ್ತೇತಲ್ರಿ, ಯಾರದು?"

"ಅಳಾಕತ್ತೇತಿ?" ಮಾಸ್ತರು ಗಾಬರಿಯಿಂದ ಸ್ಪೀಕರ್ ನೋಡಿದರು. ಅವರಿಗೆ ಏನೂ ಕೇಳುತ್ತಿರಲಿಲ್ಲ. "ಆವತ್ತೂ ಏನೋ ಸಣ್ಣ ಸಪ್ಪಳ ಬಂದಿತ್ತು. ಏನದು ಅಂದೆ. ಬೆಕ್ಕು ಮರಿ ಹಾಕೇತಿ ಅಂದ್ಲು."

ಸ್ಪೀಕರಿನಲ್ಲಿ ರಹಿಮಾಬಿಯ ದನಿ ಮತ್ತೆ ಬಂತು. ಈ ಸಲ ಮಾಸ್ತರ ಕಡೆ ಅಲ್ಲ, ಒಳಕೋಣೆಯ ಕಡೆ ತಿರುಗಿ, ತಗ್ಗಿದ ದನಿಯಲ್ಲಿ.

"ಅನ್ನವ್ವಾ, ಎತ್ತಿಕೋ. ಬಾಯಿ ಮುಚ್ಚಿಸು. ಅವರ ಮಂದಿ ಇನ್ನೂ ಓಣ್ಯಾಗ ಅದಾರ."

ಟೇಪು ಕಟಕ್ಕೆಂದು ನಿಂತಿತು.

ಜಯಾ ಪರದೆಯತ್ತ ಕೈ ಚಾಚಿ, ಮುಟ್ಟದೆ, ಹಾಗೇ ಹಿಡಿದಳು. "ನಮ್ಮವ್ವ," ಎಂದಳು. "ನಮ್ಮವ್ವ ಅಲ್ಲಿದ್ಲು." ಆಮೇಲೆ ನುಜಹತಳ ಕಡೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ. "ಯಾರ ಮಂದಿ, ಯಕ್ಕಾ? ಮೂರು ದಿನದ ಕೂಸನ್ನ ಹುಡುಕ್ಕೋತ ಓಣ್ಯಾಗ ನಿಂತವರು ಯಾರು?"

ನುಜಹತ ಮಾಸ್ತರ ಬಲಗಿವಿಗೆ ಬಗ್ಗಿ, ಆ ಕೂಸು ಸತ್ತಿರಲಿಲ್ಲ, ಓಣಿಯವರಿಗೆ ಕೇಳಲೆಂದೇ ಹಾಗೆ ಹೇಳಿದ್ದು, ಇವಳೇ ಆ ಕೂಸು ಎಂದು ಕೂಗಿ ಹೇಳಿದಳು. ಓಣಿಯಲ್ಲಿದ್ದವರು ಯಾರೆಂಬುದು ಮಾತ್ರ ಪೆಟ್ಟಿಗೆಯೊಳಗೆ ಇರಲಿಲ್ಲ.

ಹುಟ್ಟಿದವಳು ತಾನೇ ಬಂದು ಕೇಳಿದ್ದಳು. ಮಾಸ್ತರು ಕೇಳಿಸಿದ್ದರು. ರಹಿಮಾಬಿಗೆ ಕೊಟ್ಟ ಮಾತನ್ನು ಅವರು ನಡೆಸಿದರು.